ಹಿಂದಿನ ಚಕ್ರಕ್ಕೆ ಹಾಕದೆ ಬಿಟ್ಟ ರಬ್ಬರು

ತಮ್ಮನ ಬೈಕಿನ ಹಿಂದಿನ ಹಬ್‌ಗೆ ಹೊಸ ರಬ್ಬರು ಹಾಕಿಕೊಡುತ್ತೇನೆ ಎಂದಿದ್ದೆ. ಹಾಕಲಿಲ್ಲ. ಹಾಕಿದ್ದೇನೆ ಎಂದು ಹೇಳಿದೆ. ಆ ಬೈಕಿನ ಹಿಂದೆ ಕೂತ ನಮ್ಮ ಅವ್ವ ಸೊರಬದ ರಸ್ತೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ತಪ್ಪು ತಮ್ಮನದು ಎಂದು ಎಲ್ಲರೂ ಅಂದರು. ತಮ್ಮನೂ ಹಾಗೇ ಅಂದುಕೊಂಡ. ನಾನು ಸುಮ್ಮನಿದ್ದೆ.

ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಮಾತು ಆಡಿದ್ದೆ. ಸುಮ್ಮನಿದ್ದುದಕ್ಕಿಂತ ಆ ಮಾತು ಹೆಚ್ಚು ಕೆಟ್ಟದ್ದು. ಅದು ಮುಂದೆ ಬರುತ್ತದೆ.

ನಾನು ಶಿಕಾರಿಪುರದಲ್ಲಿ ಗ್ಯಾರೇಜು ಇಟ್ಟುಕೊಂಡವನು. ಶಾಲೆ ಏಳನೆಯ ತರಗತಿಗೇ ಮುಗಿಯಿತು. ಅಪ್ಪ ತೀರಿಕೊಂಡ ವರ್ಷ ಸ್ಪ್ಯಾನರ್ ಹಿಡಿದೆ, ಆಮೇಲೆ ಬಿಡಲಿಲ್ಲ. ತಮ್ಮ ಮಾತ್ರ ಓದಲಿ ಎಂದು ಅವನನ್ನು ಗ್ಯಾರೇಜಿನ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನು ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಓಡಿಸುವುದನ್ನು ಕಲಿಸಿದ್ದು ಮಾತ್ರ ನಾನೇ. ಮೊದಲು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಆಮೇಲೆ ಹಿಂದೆ ಕೂತು, ಕೊನೆಗೆ ಬದಿಯಲ್ಲಿ ಓಡುತ್ತಾ. ಒಂದು ದಿನ ಅವನು ನನ್ನನ್ನು ಬಿಟ್ಟು ಮುಂದೆ ಹೋಗೇಬಿಟ್ಟ. ಆವತ್ತಿನಿಂದ ಅವನ ಹಿಂದೆ ಓಡುವುದು ನನ್ನಿಂದ ಆಗಲಿಲ್ಲ.

ದೊಡ್ಡವನಾದ ಮೇಲೆ ಅವನಿಗೆ ಮಣ್ಣಿನ ರೇಸಿನ ಹುಚ್ಚು ಹತ್ತಿತು. ಭತ್ತ ಕೊಯ್ದ ಗದ್ದೆಯಲ್ಲೋ ಊರಾಚೆಯ ಖಾಲಿ ಜಾಗದಲ್ಲೋ ಮಣ್ಣಿನ ದಿಬ್ಬ ಹಾಕಿ ನಡೆಸುವ ರೇಸು. ಶಿವಮೊಗ್ಗದ ಕಡೆ, ದಾವಣಗೆರೆಯ ಕಡೆ ಎಲ್ಲಿ ನಡೆದರೂ ಹೋಗುತ್ತಿದ್ದ. ಸಾಮಾನ್ಯ ಬೈಕೊಂದನ್ನು ನಾನೇ ಅವನಿಗಾಗಿ ಬಿಚ್ಚಿ ಮಣ್ಣಿನ ಬೈಕು ಮಾಡಿಕೊಟ್ಟಿದ್ದೆ. ಲೈಟು ತೆಗೆದೆ, ಹಾರ್ನು ತೆಗೆದೆ, ಹಿಂದಿನ ಸೀಟು ಕತ್ತರಿಸಿದೆ. ಉಬ್ಬು ಉಬ್ಬಿನ ಟೈರು ಹಾಕಿದೆ. ಹಿಂದಿನ ಚಕ್ರದ ಹಬ್ ಭಾರ ಎಂದು ಅದನ್ನೂ ತೆಗೆದು, ಲೇತ್‌ನಲ್ಲಿ ಕಡೆಸಿದ ಗಟ್ಟಿ ಹಬ್ ಕೂರಿಸಿದೆ. ಅದರಲ್ಲಿ ರಬ್ಬರು ಇರಲಿಲ್ಲ.

ಈ ರಬ್ಬರಿನ ವಿಷಯ ಸ್ವಲ್ಪ ಹೇಳಬೇಕು. ಹಿಂದಿನ ಚಕ್ರದ ನಟ್ಟನಡುವೆ ಇರುವ ದುಂಡನೆಯ ಭಾಗವೇ ಹಬ್. ಎಂಜಿನ್ನು ಚೈನನ್ನು ಎಳೆಯುತ್ತದೆ, ಚೈನು ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟನ್ನು ಎಳೆಯುತ್ತದೆ. ರಸ್ತೆಯ ಬೈಕಿನಲ್ಲಿ ಆ ಸ್ಪ್ರಾಕೆಟ್ ನೇರವಾಗಿ ಹಬ್‌ಗೆ ಕೂತಿರುವುದಿಲ್ಲ. ಅದರ ತಟ್ಟೆಯ ಬೆರಳುಗಳು ಹಬ್‌ನ ಗೂಡುಗಳಲ್ಲಿರುವ ದಪ್ಪ ರಬ್ಬರು ತುಂಡುಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಗೇರು ಬದಲಿಸಿದಾಗ, ಆಕ್ಸಿಲರೇಟರ್ ತಿರುಗಿಸಿದಾಗ ಆಗುವ ಜಗ್ಗಾಟವನ್ನೆಲ್ಲ ಆ ರಬ್ಬರು ನುಂಗುತ್ತದೆ. ಮಣ್ಣಿನಲ್ಲಿ ಓಡುವ ಬೈಕಿಗೆ ಅದು ಬೇಕಿಲ್ಲ. ಮಣ್ಣಿನಲ್ಲಿ ಚಕ್ರ ಜಾರುತ್ತದೆ, ಜಗ್ಗಾಟ ಅಲ್ಲೇ ಕಳೆದುಹೋಗುತ್ತದೆ. ಡಾಂಬರು ಹಾಗಲ್ಲ, ಟೈರನ್ನು ಹಿಡಿದುಕೊಳ್ಳುತ್ತದೆ. ರಬ್ಬರು ಇಲ್ಲದಿದ್ದರೆ ಒದೆತವೆಲ್ಲ ಚೈನಿಗೆ, ಬೇರಿಂಗಿಗೆ, ಗೇರುಬಾಕ್ಸಿಗೆ.

ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ತಮ್ಮನಿಗೆ ಸೊರಬದಲ್ಲಿ ಕೆಲಸ ಸಿಕ್ಕಿತು. ಜಮೀನು ಅಳೆಯುವ ಸರ್ವೆಯವರ ಕೈಕೆಳಗೆ. ಇವತ್ತು ಒಂದು ಹಳ್ಳಿಯಲ್ಲಿ ಜಮೀನು ಪಾಲು ಮಾಡುವ ಪೋಡಿ, ನಾಳೆ ಇನ್ನೊಂದರಲ್ಲಿ ಗಡಿ ಗುರುತಿಸುವ ಹದ್ದುಬಸ್ತು. ಬಸ್ಸು ಹೋಗದ ಊರುಗಳೇ ಹೆಚ್ಚು. ರೇಸು ಸಾಕು ಎಂದು ಅವನೇ ನಿರ್ಧಾರ ಮಾಡಿ, ಬೈಕನ್ನು ತಳ್ಳಿಕೊಂಡು ಗ್ಯಾರೇಜಿಗೆ ಬಂದ.

"ಅಣ್ಣ, ಇದನ್ನ ಮನುಷ್ಯರ ಗಾಡಿ ಮಾಡು" ಅಂದ.

"ಇಷ್ಟು ದಿನ ದೆವ್ವದ ಗಾಡಿ ಆಗಿತ್ತೇನು?"

"ಅವ್ವ ಹಂಗೇ ಅಂತಾಳಲ್ಲ. ರೋಡಲ್ಲಿ ತಂದ್ರೆ ಎದೆಗೆ ಒದ್ದಂಗೆ ಆಗ್ತೈತೆ ನೋಡು. ಹಿಂದಕ್ಕೆ ರಬ್ಬರ್ ಹಬ್ ಕೂರಿಸ್ಬೇಕು. ಸೀಟೂ ಉದ್ದ ಮಾಡು. ಅವ್ವನ್ನ ಕೂರಿಸ್ಕೊಂಡು ಹೋಗ್ಬೇಕು."

ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಕೇಳಿಸಿತು. ನಮ್ಮ ಮನೆ ಗ್ಯಾರೇಜಿನ ಹಿಂದೆಯೇ ಇದೆ. ಎರಡಕ್ಕೂ ನಡುವೆ ಒಂದೇ ಬಾಗಿಲು.

"ನಾನು ಬರಾಕಿಲ್ಲಪ್ಪ ನಿನ್ ಹಿಂದೆ" ಎಂದು ಅಲ್ಲಿಂದಲೇ ಕೂಗಿದಳು. "ದಿಬ್ಬ ಕಂಡಲ್ಲಿ ಹಾರಿಸ್ತೀಯ ನೀನು."

"ದಿಬ್ಬ ಬಂದ್ರೆ ಇಳಿಸಿ, ನಡೆಸ್ಕೊಂಡು ಹೋಗ್ತೀನಿ ಬಾರವ್ವ. ಗುಡವಿಗೆ ಕರ್ಕೊಂಡು ಹೋಗ್ತೀನಿ, ಹಕ್ಕಿ ನೋಡೀಯಂತೆ."

"ಹಕ್ಕಿ ನಮ್ ಹಿತ್ತಲಾಗೇ ಅದಾವೆ. ನೀನು ಅನ್ನ ಮಾಡ್ಕೊಂಡು ತಿಂತೀಯೋ ಇಲ್ವೋ, ಆ ರೂಮ್ ನೋಡ್ಬೇಕು ನಾನು."

ಹೀಗೆ ಬರುವುದಿಲ್ಲ ಎಂದವಳೇ, ಗಾಡಿ ಸಿದ್ಧವಾದ ಮೇಲೆ ಹೊರಡುವುದೆಂದು ಒಪ್ಪಿಕೊಂಡಳು.

ಬೈಕಿನ ಮೂಲ ಹಬ್ಬನ್ನು ನಾನು ಎಂದೋ ಬೇರೆ ಗಿರಾಕಿಯ ಗಾಡಿಗೆ ಹಾಕಿಬಿಟ್ಟಿದ್ದೆ. ಗುಜರಿಯಿಂದ ಇನ್ನೊಂದು ಹಬ್ ತಂದೆ. ಹಬ್ ಚೆನ್ನಾಗಿತ್ತು. ಒಳಗಿನ ರಬ್ಬರುಗಳು ಮಾತ್ರ ಜಜ್ಜಿ ಸಪ್ಪಟೆಯಾಗಿದ್ದವು. ಹಿಸುಕಿದರೆ ಪುಡಿ ಉದುರುತ್ತಿತ್ತು. ಆ ಅಳತೆಯದು ಶಿಕಾರಿಪುರದಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ತರಬೇಕಿತ್ತು. ಬಸ್ಸಿಗೆ ಹತ್ತಿದರೆ ಮಧ್ಯಾಹ್ನದೊಳಗೆ ತಂದು ಮುಗಿಸುವ ಕೆಲಸ.

ಹೋಗಲಿಲ್ಲ. ಯಾಕೆ ಎಂದು ಕೇಳಿದರೆ ಹೇಳುವಂಥ ಕಾರಣವಿಲ್ಲ. ಎಪಿಎಂಸಿಗೆ ಮಾಲು ಬರುವ ಹೊತ್ತು, ಗ್ಯಾರೇಜಿನ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಗಿರಾಕಿ ಎದುರಿಗೆ ನಿಂತು ಕಾಯುತ್ತಾನೆ, ತಮ್ಮ ನಿಂತು ಕಾಯುವುದಿಲ್ಲ. ನಮ್ಮ ಕಸುಬಿನಲ್ಲಿ ಮನೆಯ ಗಾಡಿ ಎಂದರೆ ಯಾವಾಗಲೂ ಕೊನೆಗೆ. ನನ್ನ ಸ್ವಂತ ಗಾಡಿಯ ಬ್ರೇಕು ವರ್ಷಗಟ್ಟಲೆ ಕಿರುಗುಟ್ಟಿದೆ. ಹೆಂಡತಿ ಅಂಗಡಿಯ ಮುಂದೆ ಬಂದು, "ಇಲ್ಲಿ ಯಾರಾದ್ರೂ ಒಳ್ಳೆ ಮೆಕ್ಯಾನಿಕ್ ಇದ್ರೆ ಹೇಳ್ರೀ, ನಮ್ಮನೆ ಗಾಡಿ ತೋರಿಸ್ಬೇಕು" ಎಂದು ಗಿರಾಕಿಗಳ ಎದುರಿಗೇ ಹಂಗಿಸುತ್ತಿದ್ದಳು.

ರಸ್ತೆಯ ಬೈಕಿಗೆ ಬೇಕಾದ್ದನ್ನೆಲ್ಲ ಒಂದೊಂದಾಗಿ ಹಾಕಿದೆ. ಲೈಟು, ಹಾರ್ನು, ಕನ್ನಡಿ, ನಂಬರ್ ಪ್ಲೇಟು. ಉದ್ದ ಸೀಟು, ಹಿಂದಿನವರು ಕಾಲಿಡುವ ಫುಟ್‌ರೆಸ್ಟು. ಅವ್ವನ ಸೆರಗು ಚಕ್ರಕ್ಕೆ ಸಿಗಬಾರದೆಂದು ಸೀರೆ ಗಾರ್ಡು. ಅದನ್ನು ಎರಡು ಸಲ ಬೆಸುಗೆ ಹಾಕಿಸಿದೆ. ಹೊರಗೆ ಕಾಣುವುದರಲ್ಲಿ ಒಂದನ್ನೂ ಬಿಡಲಿಲ್ಲ.

ಉಳಿದದ್ದು ಹಬ್ ಒಂದೇ. ತಮ್ಮ ಸಂಜೆಗೆ ಬರುತ್ತೇನೆಂದು ಫೋನು ಮಾಡಿದ. ಮಾರನೆಯ ದಿನ ಅವ್ವನನ್ನು ಕರೆದುಕೊಂಡು ಹೋಗುವುದಿತ್ತು. ಆಗ ನಾನು ಮಾಡಿದ್ದು ಈ ಸೀಮೆಯ ಎಲ್ಲ ಗ್ಯಾರೇಜಿನವರೂ ಮಾಡುವ ಕೆಲಸ. ಸವೆದ ರಬ್ಬರಿಗೆ ಹಳೆಯ ಟ್ಯೂಬಿನ ಪಟ್ಟಿ ಕತ್ತರಿಸಿ ಸುತ್ತುತ್ತೇವೆ. ಸುತ್ತಿ, ಗೂಡಿನೊಳಗೆ ಮರದ ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತೇವೆ. ಗಡಗಡ ಅನ್ನುತ್ತಿದ್ದ ಚಕ್ರ ತಕ್ಷಣ ಬಿಗಿಯಾಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ಸುತ್ತುವ ಗಾಡಿಗಳಿಗೆ ನಾನು ಇದನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದೇನೆ. "ಸದ್ಯಕ್ಕೆ ನಡೆಯೋ ಹಂಗೆ ಮಾಡ್ರೀ" ಎನ್ನುತ್ತಾರೆ, ಮಾಡುತ್ತೇನೆ. ಸದ್ಯಕ್ಕೆ ನಡೆಯುತ್ತದೆ. ಮೆಲ್ಲಗೆ ಓಡುವ ಸಣ್ಣ ಗಾಡಿ, ಸದ್ದು ಬಂದರೆ ಮತ್ತೆ ತರುತ್ತಾರೆ.

ತಮ್ಮನದು ಮೆಲ್ಲಗೆ ಓಡುವ ಗಾಡಿಯಲ್ಲ. ರೇಸಿಗೆಂದು ಅದರ ಎಂಜಿನ್ನಿಗೆ ಎಳೆತ ಹೆಚ್ಚಿಸಿದವನೂ ನಾನೇ.

ಪಟ್ಟಿ ದಪ್ಪವಾಯಿತು. ಸ್ಪ್ರಾಕೆಟ್ಟಿನ ತಟ್ಟೆ ಹಬ್‌ನೊಳಗೆ ಪೂರ್ತಿ ಇಳಿಯಲಿಲ್ಲ. ಒಂದು ಕಡೆ ಉಗುರು ತೂರುವಷ್ಟು ಸಂದು ಉಳಿಯಿತು. ನಾನು ಅದನ್ನು ನೋಡಿದೆ. ಬೆರಳಿಟ್ಟೂ ನೋಡಿದೆ. ಚಕ್ರದ ಆಕ್ಸಲ್ ಬಿಗಿ ಮಾಡಿದರೆ ಒತ್ತಿಕೊಂಡು ಕೂರುತ್ತದೆ ಎಂದು ಉದ್ದ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಬಿಗಿದೆ. ಸಂದು ಮುಚ್ಚಿತು. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸಿದೆ. ಸದ್ದಿಲ್ಲದೆ ತಿರುಗಿತು.

ತಮ್ಮ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಮದುವೆ ಗಂಡು ಆಗ್ಬಿಟ್ಟೈತೆ ಅಣ್ಣ ಇದು" ಅಂದ. ಆಮೇಲೆ ಕೂತು ಹಿಂದಿನ ಚಕ್ರ ಹಿಡಿದು ಅಲುಗಾಡಿಸಿದ.

"ಬಿಗಿ ಐತಲ್ಲ. ರಬ್ಬರು ಹೊಸಾದು ಹಾಕಿದ್ಯಾ?"

"ಹಾಕೀನಿ ತಗಾ."

"ಶಿವಮೊಗ್ಗಕ್ಕೆ ಯಾವಾಗ ಹೋಗಿದ್ದೆ?"

"ತರಿಸಿದೆ ಕಣೋ. ನಿಂದೊಂದು ತನಿಖೆ."

ಅವನು ನಕ್ಕ. ನನ್ನ ಕೆಲಸದ ಮೇಲೆ ಅವನಿಗೆ ಅನುಮಾನ ಇರಲಿಲ್ಲ. ಹೆಮ್ಮೆಯಿಂದಲೇ ಕೇಳಿದ್ದ. ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಲದಿಂದ ನನ್ನ ಕೈ ಮುಟ್ಟಿದ್ದು ಕೆಡುವುದಿಲ್ಲ ಎಂದು ಅವನು ನಂಬಿದ್ದ. ಆ ನಂಬಿಕೆಯ ಎದುರಿಗೆ, ಟ್ಯೂಬು ಸುತ್ತಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಮುಂದಿನ ವಾರ ಸದ್ದಿಲ್ಲದೆ ಹೊಸದು ಹಾಕಿಬಿಟ್ಟರಾಯಿತು ಅಂದುಕೊಂಡೆ.

ಬೆಳಿಗ್ಗೆ ಅವ್ವ ಇಸ್ತ್ರಿ ಸೀರೆ ಉಟ್ಟು, ಒಂದು ಚೀಲದಲ್ಲಿ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ತುಂಬಿಕೊಂಡು ಹತ್ತಿದಳು. ತಮ್ಮನ ಹೆಗಲ ಮೇಲೆ ಕೈ ಇಟ್ಟು, "ಹಾರಿಸಿದ್ರೆ ಕಿವಿ ಹಿಂಡ್ತೀನಿ, ಗೊತ್ತಾಯ್ತಾ" ಅಂದಳು. ನಾನು ಕೈ ಒರೆಸಿಕೊಳ್ಳುತ್ತಾ ನಿಂತಿದ್ದೆ. ಹಿಂದಿನ ಚಕ್ರ ಅವ್ವನ ಭಾರಕ್ಕೆ ಸ್ವಲ್ಪ ತಗ್ಗಿತು. ಒಂದು ಗಳಿಗೆ ತಡೆಯಬೇಕು ಅನಿಸಿತು. ಆಗ ಯಾರೋ ಗಿರಾಕಿ ಕರೆದರು. ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಅವರು ತಿರುವು ದಾಟಿದ್ದರು.

ಫೋನು ಬಂದಾಗ ಒಂದು ಕಾರ್ಬುರೇಟರು ಬಿಚ್ಚಿ ಹಾಳೆಯ ಮೇಲೆ ಹರಡಿದ್ದೆ. ತಮ್ಮನ ದನಿ ತಮ್ಮನದಾಗಿರಲಿಲ್ಲ.

"ಅಣ್ಣ, ಅವ್ವ ಏಳ್ತಿಲ್ಲ."

ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುವಾಗ, ಒಂದು ಇಳಿಜಾರಿನ ತಿರುವಿನಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿದುಕೊಂಡಿತಂತೆ. ಬೈಕು ಅಡ್ಡ ತಿರುಗಿ, ಅವ್ವ ರಸ್ತೆಯ ಅಂಚಿಗೆ ಬಿದ್ದಳು. ತಮ್ಮನಿಗೆ ಮೊಣಕೈ ತರಚಿತ್ತು, ಅಷ್ಟೆ. ಅವ್ವನನ್ನು ಯಾರದೋ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಸೊರಬದ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಶಿವಮೊಗ್ಗಕ್ಕೆ. ತೊಡೆಯ ಮೂಳೆಗೆ ರಾಡು ಹಾಕಿದರು. ಎರಡು ದಿನದ ಮೇಲೆ ಅವ್ವ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ರೊಟ್ಟಿ ಏನಾಯ್ತು?"

ಬೈಕನ್ನು ಟೆಂಪೋದಲ್ಲಿ ಹಾಕಿಸಿ ಗ್ಯಾರೇಜಿಗೆ ತರಿಸಿದೆ. ಬೇರೆ ಯಾರೂ ಮುಟ್ಟಬಾರದು ಎಂದು ನಾನೇ ಬಿಚ್ಚಿದೆ. ಚೈನು ಸ್ಪ್ರಾಕೆಟ್ಟಿನಿಂದ ಕಳಚಿ ಒಳಬದಿಗೆ ಬಿದ್ದು, ಚಕ್ರಕ್ಕೂ ಅದನ್ನು ಹಿಡಿದಿರುವ ಫೋರ್ಕಿಗೂ ನಡುವೆ ಸಿಕ್ಕಿಕೊಂಡಿತ್ತು. ಸ್ಪ್ರಾಕೆಟ್ ಓರೆಯಾಗಿತ್ತು. ಒತ್ತಿ ಬಿಗಿದಿದ್ದರಿಂದ ತಟ್ಟೆಯ ಬೇರಿಂಗು ಒಡೆದು, ಅದರ ಗುಂಡುಗಳು ಗ್ರೀಸಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು. ಟ್ಯೂಬಿನ ಪಟ್ಟಿಗಳು ಗೂಡುಗಳಿಂದ ಹೊರಗೆ ನಾಲಗೆ ಚಾಚಿದ್ದವು. ಆ ಪಟ್ಟಿಗಳನ್ನೆಲ್ಲ ಬೊಗಸೆಯಲ್ಲಿ ತೆಗೆದು, ಹಿತ್ತಲಿನ ಕಸದ ಬೆಂಕಿಗೆ ಹಾಕಿದೆ. ರಬ್ಬರು ಸುಟ್ಟ ವಾಸನೆಗೆ ಹೆಂಡತಿ ಹೊರಗೆ ಬಂದು, "ಏನ್ರೀ ಅದು?" ಅಂದಳು. "ಹಳೇ ಟ್ಯೂಬು" ಅಂದೆ. ಆ ದಿನಗಳಲ್ಲಿ ನನ್ನ ಬಾಯಿಂದ ಬಂದ ನಿಜ ಅದೊಂದೇ.

ಒಡೆದ ಬೇರಿಂಗು ಬದಲಿಸಿ, ಹಳೆಯ ರಬ್ಬರನ್ನು ಹಾಗೇ ಇಟ್ಟು, ಚಕ್ರ ಕೂರಿಸಿ, ಬೈಕನ್ನು ಮೂಲೆಗೆ ತಳ್ಳಿ ತಾಡಪಾಲು ಹೊದಿಸಿದೆ.

ಆಸ್ಪತ್ರೆಯ ಜಗಲಿಯಲ್ಲಿ ತಮ್ಮ ನನ್ನನ್ನು ಕೇಳಿದ್ದ. "ಏನಾಗಿತ್ತಣ್ಣ ಗಾಡಿಗೆ? ಬಿಚ್ಚಿದ್ಯಂತಲ್ಲ."

ಆಗ ಹೇಳಬಹುದಿತ್ತು. ಸುತ್ತ ಸಂಬಂಧಿಕರು ಇದ್ದರು. ಸೋದರಮಾವ ಇದ್ದರು. ಎಲ್ಲರೂ ನನ್ನ ಮುಖ ನೋಡಿದರು. ಮೆಕ್ಯಾನಿಕ್ ಏನು ಹೇಳುತ್ತಾನೆ ಎಂದು ಕಾದರು. ನಾನು ಹೇಳಿದ್ದು ಇದು:

"ಇಳಿಜಾರಲ್ಲಿ ಗೇರ್ ಒಮ್ಮೆಲೇ ಇಳಿಸೀಯ. ಚೈನ್ ತಡೀಲಿಲ್ಲ."

ತಮ್ಮ ಆ ತಿರುವನ್ನು ಮನಸ್ಸಿನಲ್ಲೇ ಮತ್ತೆ ಇಳಿಯುತ್ತಿದ್ದಾನೆ ಎಂದು ಅವನ ಎಡಗಾಲು ಅಲುಗಿದ್ದು ನೋಡಿ ತಿಳಿಯಿತು. ಆಮೇಲೆ, "ಹೌದು" ಅಂದ. "ಇಳಿಸಿದ್ದೆ. ರೇಸಲ್ಲಿ ಇಳಿಸೋ ಹಂಗೇ ಇಳಿಸಿದ್ದೆ ಕಾಣ್ತೈತೆ."

"ಹೆತ್ತವ್ವನ್ನ ಕೂರಿಸ್ಕೊಂಡು ರೇಸಂತೆ" ಎಂದರು ಮಾವ. ಜನ ತಲೆ ಆಡಿಸಿದರು. ಇಷ್ಟೇ. ಆ ಮಾತು ಅಲ್ಲಿಂದ ಊರಿಗೆ ಹೋಯಿತು, ಕೆಲಸದ ಕಡೆ ಹೋಯಿತು, ಅವ್ವನ ಹಾಸಿಗೆಗೂ ಬಂತು.

ಗೇರು ಇಳಿಸುವುದು ತಪ್ಪಲ್ಲ. ಇಳಿಜಾರಿನಲ್ಲಿ ಗೇರು ಇಳಿಸಿಯೇ ಹೋಗಬೇಕು. ಹಾಗೆ ಓಡಿಸಲು ಕಲಿಸಿದ್ದು ನಾನು. ಹೊಸ ರಬ್ಬರು ಇದ್ದಿದ್ದರೆ, ತಟ್ಟೆ ಸರಿಯಾಗಿ ಕೂತಿದ್ದರೆ, ಅವನು ಎಷ್ಟು ಒರಟಾಗಿ ಇಳಿಸಿದ್ದರೂ ಒಂದು ಜಗ್ಗು ಬಂದು ಹೋಗುತ್ತಿತ್ತು.

ಅವ್ವ ಮನೆಗೆ ಬಂದಳು. ಮೊದಲು ಹಾಸಿಗೆ, ಆಮೇಲೆ ವಾಕರ್. ಬಚ್ಚಲಿಗೆ ಹೋಗಲೂ ನನ್ನ ಹೆಂಡತಿಯ ಭುಜ ಬೇಕು. ಊರ ತುಂಬ ಓಡಾಡಿ ಎಲ್ಲರ ಮನೆಯ ಸುದ್ದಿ ಹೊತ್ತು ತರುತ್ತಿದ್ದವಳು, ಈಗ ಗ್ಯಾರೇಜಿಗೂ ಮನೆಗೂ ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನ ಗಿರಾಕಿಗಳನ್ನು ಮಾತಿಗೆಳೆಯುತ್ತಾಳೆ. ನೋವಾದಾಗ ನರಳುವುದಿಲ್ಲ, ಬೈಯುತ್ತಾಳೆ. ಬೈಯುವುದು ಕಾಲನ್ನು. ತಮ್ಮ ಎದುರಿಗಿದ್ದರೆ ತಮ್ಮನನ್ನು.

ಅವನು ಪ್ರತಿ ಭಾನುವಾರ ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದ. ಬೈಕು ಮುಟ್ಟುವುದನ್ನೇ ಬಿಟ್ಟಿದ್ದ. ಹೆಲ್ಮೆಟ್ಟನ್ನು ಯಾರಿಗೋ ಕೊಟ್ಟುಬಿಟ್ಟ. ಬಂದವನೇ ಅವ್ವನ ಕಾಲ ಬಳಿ ಕೂತು ಎಣ್ಣೆ ತಿಕ್ಕುತ್ತಿದ್ದ.

"ಬಂದ್ನಪ್ಪ ರೇಸಿನ ರಾಜ" ಎನ್ನುತ್ತಿದ್ದಳು ಅವ್ವ. "ಬಸ್ಸಿನ ಡ್ರೈವರ್‌ಗೆ ಹೇಳ್ಬೇಕಿತ್ತು, ಸ್ವಲ್ಪ ಹಾರ್ಸಪ್ಪ ಅಂತ."

"ಹೇಳ್ದೆ ಅವ್ವ. ನಿಮ್ ತಾಯಿ ಬೈತಾರೆ, ಬ್ಯಾಡ ಅಂದ."

"ಅಷ್ಟಾದ್ರೂ ಬುದ್ಧಿ ಐತಲ್ಲ ಅವನಿಗೆ."

ಇಬ್ಬರೂ ನಗುತ್ತಿದ್ದರು. ಅವ್ವನದು ನಿಜವಾದ ನಗು. ಅವಳು ಅವನನ್ನು ಎಂದೋ ಕ್ಷಮಿಸಿ, ತಮಾಷೆ ಮಾಡಿ ಮುಗಿಸಿದ್ದಳು. ತಮ್ಮ ನಗುವಾಗ ತಲೆ ಎತ್ತುತ್ತಿರಲಿಲ್ಲ. ಎಣ್ಣೆ ಹಚ್ಚಿದ ಜಾಗದಲ್ಲೇ ಕೈ ಮತ್ತೆ ಮತ್ತೆ ಹೋಗುತ್ತಿತ್ತು. ನಾನು ಬಾಗಿಲ ಆಚೆ ಯಾವುದೋ ನಟ್ಟು ಬಿಗಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಪ್ರತಿ ಭಾನುವಾರವೂ ಹೇಳಬೇಕೆಂದೇ ಏಳುತ್ತಿದ್ದೆ. ಅವನು ಊಟ ಮಾಡಲಿ, ಆಮೇಲೆ. ಅವ್ವ ಮಲಗಲಿ, ಆಮೇಲೆ. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ. ಬಸ್‌ಸ್ಟ್ಯಾಂಡಿನಲ್ಲಿ ಅವನೇ, "ಅಣ್ಣ, ನಿಂಗೂ ಅತ್ತಿಗೆಗೂ ಎಷ್ಟು ಕಷ್ಟ ಕೊಟ್ಟೆ ನೋಡು" ಎಂದುಬಿಡುತ್ತಿದ್ದ. ನಾನು ಅವನ ಚೀಲವನ್ನು ಬಸ್ಸಿನ ಕಿಟಕಿಯಿಂದ ಒಳಗೆ ಕೊಡುತ್ತಿದ್ದೆ. ಬಸ್ಸು ಹೋದ ಮೇಲೂ ನಿಂತಿರುತ್ತಿದ್ದೆ.

ಕೆಲಸದಲ್ಲೂ ಅವನಿಗೆ ಪೆಟ್ಟು ಬಿತ್ತು. ಬಸ್ಸಿಲ್ಲದ ಊರುಗಳಿಗೆ ಯಾರಾದರೂ ಕರೆದೊಯ್ಯಬೇಕು. ಬೇರೆಯವರ ಹಿಂದೆ ಕೂತರೂ ತಿರುವಿನಲ್ಲಿ ಅವರ ಅಂಗಿ ಹಿಡಿದುಕೊಳ್ಳುತ್ತಾನಂತೆ. "ಏನ್ರೀ ಇವರು, ರೇಸ್ ಹೊಡೀತಿದ್ರು ಅಂತೀರಿ, ಹೆಂಗಸರ ಹಂಗೆ ಹೆದರ್ತಾರೆ" ಎಂದು ಅವನ ಜೊತೆಯವನೊಬ್ಬ ನನ್ನ ಹತ್ತಿರವೇ ನಕ್ಕ. ಸರ್ವೆಯವರು ಒಳ್ಳೆಯವರು, ತೆಗೆದುಹಾಕಲಿಲ್ಲ. ಆದರೆ ದೂರದ ಅಳತೆಗೆ ಬೇರೆಯವರನ್ನು ಕಳಿಸತೊಡಗಿದರು. ಬೈಕಿನ ಮೇಲೆ ಹುಟ್ಟಿದವನ ಹಾಗೆ ಇದ್ದವನು ನನ್ನ ಒಂದು ಮಾತಿನಿಂದ ತನ್ನ ಕೈಕಾಲನ್ನೇ ನಂಬದವನಾದ. ಮೂಳೆ ಮುರಿದರೆ ರಾಡು ಹಾಕುತ್ತಾರೆ. ಇದಕ್ಕೆ ಏನು ಹಾಕಬೇಕು, ಗೊತ್ತಾಗಲಿಲ್ಲ. ಗೊತ್ತಿತ್ತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು, ಅಷ್ಟೆ. ಎಲ್ಲ ಗಾಡಿಗಳ ಹೊಟ್ಟೆ ಬಿಚ್ಚುವ ನನಗೆ ಅದೊಂದು ಬಿಚ್ಚಲಾಗಲಿಲ್ಲ.

ಅಣ್ಣನಾದವನು ತಮ್ಮನ ಎದುರು ತಪ್ಪಾಯಿತು ಅನ್ನುವುದು ನಮ್ಮಲ್ಲಿ ಇಲ್ಲ. ತಮ್ಮ ಅಣ್ಣನ ಕಾಲು ಮುಟ್ಟುತ್ತಾನೆ. ಇದು ನೆಪವೆಂದು ನನಗೂ ಗೊತ್ತು. ಆದರೂ ಆ ನೆಪ ಬಹಳ ದಿನ ನನ್ನ ಕೈ ಹಿಡಿದಿತ್ತು.

ಈ ಬೇಸಿಗೆಯಲ್ಲಿ ತಮ್ಮ ಬೈಕನ್ನು ಮಾರುವುದೆಂದು ತೀರ್ಮಾನ ಮಾಡಿದ. ಸೊರಬದ ಹತ್ತಿರದ ಹಳ್ಳಿಯವನೊಬ್ಬ, ಹೊಸದಾಗಿ ಮದುವೆಯಾದವನು, ನೋಡಲು ಹೆಂಡತಿಯ ಜೊತೆಗೇ ಬಂದ. ತಾಡಪಾಲು ತೆಗೆದೆವು. ಅವನಿಗೆ ಗಾಡಿ ಇಷ್ಟವಾಯಿತು. ಆದರೆ ಸುದ್ದಿ ಕೇಳಿದ್ದ.

"ಆಕ್ಸಿಡೆಂಟ್ ಗಾಡಿ ಅಂತಾರಲ್ರೀ" ಎಂದು ಅನುಮಾನಿಸಿದ.

ತಮ್ಮ ಅವನ ಹೆಗಲ ಮೇಲೆ ಕೈ ಇಟ್ಟ. "ಗಾಡಿದು ಏನೂ ತಪ್ಪಿಲ್ರೀ. ಓಡಿಸಿದವನದು ತಪ್ಪು. ನಮ್ಮಣ್ಣ ಕೈಯಾರೆ ಕೂರಿಸಿದ ಹಬ್ಬು, ಕಣ್ಮುಚ್ಚಿ ನಂಬ್ರಿ. ಮನೆಯವ್ರನ್ನ ಕೂರಿಸ್ಕೊಂಡು ಆರಾಮಾಗಿ ಹೋಗ್ರಿ."

ಆ ಹುಡುಗಿ ನನ್ನ ಕಡೆ ನೋಡಿದಳು. ನಾನು ಹೌದು ಎನ್ನುವ ಹಾಗೆ ತಲೆ ಆಡಿಸಿದೆ. ಬುಧವಾರ ಬಂದು ಒಯ್ಯುತ್ತೇವೆ ಎಂದು ಹೋದರು.

ಮಾರನೆಯ ದಿನ ಗ್ಯಾರೇಜಿಗೆ ಬಾಗಿಲು ಹಾಕಿ ಶಿವಮೊಗ್ಗದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಕೇಳಿದೆ, ಇತ್ತು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟ. ಇಷ್ಟು ಸುಲಭದ ಕೆಲಸ. ಬಸ್ಸಿನಲ್ಲಿ ಬರುವಾಗ ಆ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಯಾರಿಗೂ ತಿಳಿಯದಂತೆ ಹಾಕಿ, ಗಾಡಿ ಕೊಟ್ಟು ಕಳಿಸಿಬಿಟ್ಟರೆ ಆ ಹುಡುಗಿಗಾದರೂ ಏನೂ ಆಗುವುದಿಲ್ಲ ಎಂದು ಯೋಚಿಸಿದ್ದೆ. ಆಗಲೂ ನನ್ನ ಯೋಚನೆಯಲ್ಲಿ ತಮ್ಮನಿಗೆ ಹೇಳುವುದು ಇರಲಿಲ್ಲ. ಇದನ್ನೂ ಬರೆಯಬೇಕು.

ಬುಧವಾರ ಬೆಳಿಗ್ಗೆ ಚಕ್ರ ಬಿಚ್ಚಿ ಕೂತಿದ್ದೆ. ತಮ್ಮ ಮಧ್ಯಾಹ್ನಕ್ಕೆ ಬರುವವನು ಬೆಳಗಿನ ಬಸ್ಸಿಗೇ ಬಂದುಬಿಟ್ಟ. ಅವ್ವ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನು ಅವ್ವನ ಕಾಲು ಮುಟ್ಟಿ, ನನ್ನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಹೊಸ ರಬ್ಬರು ಒಂದನ್ನು ಎತ್ತಿ ಹಿಸುಕಿ ನೋಡಿದ.

"ಇದ್ಯಾಕಣ್ಣ ಮತ್ತೆ ಹೊಸಾದು? ಆವಾಗ ಹಾಕಿದ್ಯಲ್ಲ."

"ಹಾಳಾಗಿದ್ವು."

"ಅಷ್ಟ್ ಬೇಗ?"

ಹಳೆಯ ರಬ್ಬರು ಎದುರಿಗೇ ಬಿದ್ದಿತ್ತು, ಪುಡಿಪುಡಿಯಾಗಿ. ಅವನು ಅದನ್ನು ಬೆರಳಲ್ಲಿ ಉಜ್ಜಿದ. ಅನುಮಾನ ಬರಬೇಕಿತ್ತು. ಬಂದಿದ್ದರೆ ಚೆನ್ನಾಗಿತ್ತು. ಬಯ್ದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಚೆನ್ನಾಗಿತ್ತು.

"ಇದನ್ನೂ ನಾನೇ ಹಾಳ್ ಮಾಡೀನಿ" ಅಂದ. "ಒಂದೇ ದಿನ ಓಡಿಸಿದ್ದು. ಅಷ್ಟು ಒರಟಾಗಿ ಓಡಿಸೀನಿ ನೋಡು ನಾನು, ಅವ್ವನ್ನ ಕೂರಿಸ್ಕೊಂಡು."

ಅವ್ವ ಬಾಗಿಲಿಂದಲೇ, "ನೀನು ಉಳಿಸಿದ್ದಾದ್ರೂ ಏನೈತಪ್ಪ? ನನ್ ಕಾಲೂ ಹೋತು, ರಬ್ಬರೂ ಹೋತು" ಅಂದಳು. ತಮಾಷೆಗೆ. ಅವನು ನಕ್ಕ. ಅದೇ ತಲೆ ತಗ್ಗಿಸಿದ ನಗು.

"ಹಾಕಿರ್ಲಿಲ್ಲ" ಅಂದೆ.

ದನಿ ನನಗೇ ಕೇಳಿಸಲಿಲ್ಲ. ಅವನು, "ಏನು?" ಅಂದ.

"ಹೊಸಾದು ಹಾಕಿರ್ಲಿಲ್ಲ ಕಣೋ. ಇದೇ ಹಳೇದು. ಇದಕ್ಕೇ ಟ್ಯೂಬ್ ಪಟ್ಟಿ ಸುತ್ತಿ ಬಡಿದಿದ್ದೆ. ತಟ್ಟೆ ಕೂರ್ಲಿಲ್ಲ. ಕೂರ್ದೇ ಇದ್ದಿದ್ದು ನೋಡೇ ಬಿಗಿದೆ. ಬೇರಿಂಗ್ ಒಡೀತು, ಚೈನ್ ಬಿತ್ತು."

ಅವ್ವನ ಕೈಯಲ್ಲಿ ಬೆಳ್ಳುಳ್ಳಿ ನಿಂತಿತು. "ಏನಂತಾನೋ ಇವನು?" ಎಂದು ತಮ್ಮನನ್ನು ಕೇಳಿದಳು. ತಮ್ಮ ಅವಳ ಕಡೆ ತಿರುಗಲಿಲ್ಲ.

"ಮತ್ತೆ ಗೇರು?" ಎಂದು ನನ್ನನ್ನು ಕೇಳಿದ.

"ಗೇರ್ ಮಾತು ನಾನು ಕಟ್ಟಿದ್ದು. ಮಾವ ಎಲ್ಲ ಇದ್ರಲ್ಲ. ಬಾಯಿಗೆ ಬಂತು, ಅಂದ್ಬಿಟ್ಟೆ."

ಅವನು ಕೈಯಲ್ಲಿದ್ದ ರಬ್ಬರನ್ನು ಹಾಳೆಯ ಮೇಲೆ, ಉಳಿದವುಗಳ ಪಕ್ಕ, ಮೆಲ್ಲಗೆ ಇಟ್ಟ. ರಸ್ತೆಯಲ್ಲಿ ಯಾವುದೋ ಗಾಡಿ ಬಂದು ನಿಂತು, ಯಾರೂ ಏಳದ್ದು ನೋಡಿ ಮುಂದೆ ಹೋಯಿತು.

"ವಾರ ವಾರ ಬಸ್ಸಲ್ಲಿ ಆ ತಿರುವು ಬಂದಾಗ ನಾನು ಆ ಗೇರು ಇಳಿಸ್ತೀನಣ್ಣ" ಅಂದ. "ಒಂದ್ಸಲ ಮೆಲ್ಲಗೆ ಇಳಿಸಿ ನೋಡ್ತೀನಿ. ಒಂದ್ಸಲ ಇಳಿಸ್ದೇನೇ ನೋಡ್ತೀನಿ. ಹೆಂಗ್ ಮಾಡಿದ್ರೂ ಅವ್ವ ಬೀಳ್ತಾಳೆ."

ಹೇಳಿ ಮುಗಿಸಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಅವನ ಆ ದಿನಗಳನ್ನು ನಾನು ಎಲ್ಲಿಂದ ತಂದು ಕೊಡಲಿ? ಅವ್ವನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ತುಂಬ ಗ್ರೀಸು ಇತ್ತು. ಒರೆಸಿಕೊಳ್ಳದೆ ಹಾಗೆಯೇ ತಮ್ಮನ ಎರಡೂ ಕೈ ಹಿಡಿದುಕೊಂಡೆ. ಬಾಗಿಲಲ್ಲಿ ಕೂತ ಅವ್ವನಿಗೂ ಕೇಳುವ ಹಾಗೆ, ದನಿ ಎತ್ತಿ ಹೇಳಿದೆ:

"ತಪ್ಪಾಯ್ತು ಕಣೋ ತಮ್ಮಾ. ಅವ್ವನ್ನ ಬೀಳಿಸಿದ್ದು ನೀನಲ್ಲ, ನಾನು. ನಿನ್ ಮೇಲೆ ಹಾಕಿದ್ದೂ ನಾನೇ. ನನ್ನಿಂದ ತಪ್ಪಾಯ್ತು."